ಬಿಲ್ಡ್ ದಿನೇ ದಿನೇ ನಿಧಾನ ಆಗುತ್ತಿದೆ, ಲೆಕ್ಕ ಇಡುವುದು ಹೇಗೆ? ಅನುಭವ ಇದ್ದವರು ಹೇಳಿ

ಹಾಸನದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಸಣ್ಣ ಕಂಪನಿ ನಮ್ಮದು. ಜಾವಾ ಸರ್ವರ್, ಜೊತೆಗೆ ಆಂಡ್ರಾಯ್ಡ್ ಆ್ಯಪ್. ಬಿಲ್ಡ್ (ಕೋಡ್ ಕಂಪೈಲ್ ಮಾಡಿ ಟೆಸ್ಟ್ ಓಡಿಸುವುದು) ಎಲ್ಲ ಜೆಂಕಿನ್ಸ್ ಮೇಲೆ, ಅಂದರೆ ಆ ಕೆಲಸ ತಾನಾಗಿ ಮಾಡುವ ಸಾಫ್ಟ್‌ವೇರ್ ಮೇಲೆ. ಮೊದಲು 12 ನಿಮಿಷಕ್ಕೆ ಮುಗಿಯುತ್ತಿತ್ತು ಅಂತ ಹಳಬರು ಹೇಳುತ್ತಾರೆ, ಈಗ ಅರ್ಧ ಗಂಟೆ ದಾಟುತ್ತಿದೆ. ಹೊಸ ಮಷೀನ್ ಕೇಳಿದರೆ ಮ್ಯಾನೇಜರ್ "ಆರು ತಿಂಗಳ ಗ್ರಾಫ್ ತಂದು ತೋರಿಸಿ" ಅನ್ನುತ್ತಾರೆ. ಜೆಂಕಿನ್ಸ್‌ನ ಟ್ರೆಂಡ್ ಪುಟದಲ್ಲಿ ಕೊನೆಯ 50 ಬಿಲ್ಡ್ ಬಿಟ್ಟರೆ ಬೇರೇನೂ ಇಲ್ಲ. ಜಾಸ್ತಿ ದುಡ್ಡು ಖರ್ಚಿಲ್ಲದೆ ಈ ರಿಪೋರ್ಟ್ ನೀವೆಲ್ಲ ಹೇಗೆ ಮಾಡುತ್ತೀರಿ?

ಹಳೇ ಜೆಂಕಿನ್ಸ್:
ಈ ನೋವು ನನಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಡಿಸ್ಕ್ ತುಂಬಿತು ಅಂತ ಅಡ್ಮಿನ್ ಒಬ್ಬರು ಒಂದು ಶುಕ್ರವಾರ ಸಂಜೆ ಎಲ್ಲ ಜಾಬ್‌ಗಳಿಗೂ "ಹಳೇ ಬಿಲ್ಡ್ ಅಳಿಸು" ಅನ್ನುವ ಆಯ್ಕೆ ಹಾಕಿ, 30 ಮಾತ್ರ ಉಳಿಸಿ ಹೋದರು. ಯಾರಿಗೂ ಹೇಳಲಿಲ್ಲ. ಎರಡು ವರ್ಷದ ಚರಿತ್ರೆ ಹೋಯಿತು. ತುಂಬಿದ್ದು ಬಿಲ್ಡ್ ದಾಖಲೆಯಿಂದ ಅಲ್ಲವೇ ಅಲ್ಲ, ಪ್ರತಿ ಬಿಲ್ಡ್ ಜೊತೆ ಇಟ್ಟುಕೊಂಡಿದ್ದ ಎಪಿಕೆ ಮತ್ತು ಜಾರ್ ಫೈಲ್‌ಗಳಿಂದ (ಬಿಲ್ಡ್‌ನಿಂದ ಹೊರಬರುವ ಇಂಥ ಫೈಲ್‌ಗೇ ಆರ್ಟಿಫ್ಯಾಕ್ಟ್ ಅನ್ನುವುದು). ಅದೇ ಆಯ್ಕೆಯ ಕೆಳಗೆ ಆರ್ಟಿಫ್ಯಾಕ್ಟ್ ಮಾತ್ರ ಅಳಿಸುವ ಸಂಖ್ಯೆ ಬೇರೆಯಾಗಿಯೇ ಇದೆ. ಅದನ್ನು ಯಾರೂ ನೋಡುವುದಿಲ್ಲ.

ಆಮೇಲೆ ಡಿಸ್ಕ್‌ನ ಹಳೇ ಸ್ನ್ಯಾಪ್‌ಶಾಟ್ ಒಂದು ಸಿಕ್ಕಿತು. ಪ್ರತಿ ಬಿಲ್ಡ್‌ನ ಫೋಲ್ಡರ್‌ನಲ್ಲಿ ಬಿಲ್ಡ್ ಡಾಟ್ ಎಕ್ಸ್‌ಎಂಎಲ್ ಅಂತ ಒಂದು ಫೈಲ್ ಇರುತ್ತದೆ. ಅದರಲ್ಲಿ ಶುರುವಾದ ಸಮಯ, ಹಿಡಿದ ಅವಧಿ, ಫಲಿತಾಂಶ ಮೂರೂ ಇರುತ್ತವೆ. ಅವಧಿ ಮಿಲಿಸೆಕೆಂಡಿನಲ್ಲಿ. ಅದನ್ನೆಲ್ಲ ಓದಿ ಒಂದು ಎಸ್‌ಕ್ಯೂಲೈಟ್ (ಸಣ್ಣ ಡೇಟಾಬೇಸ್) ಫೈಲ್‌ಗೆ ತುಂಬಿಸಿದೆ. ಈಗ ರಾತ್ರಿ ಒಂದು ಪೈಥಾನ್ ಸ್ಕ್ರಿಪ್ಟ್ ಓಡುತ್ತದೆ, ಜೆಂಕಿನ್ಸ್‌ನ ಎಪಿಐಯಿಂದ (ಪ್ರೋಗ್ರಾಂಗಳು ಮಾಹಿತಿ ಕೇಳುವ ದಾರಿ) ಹೊಸ ಬಿಲ್ಡ್‌ಗಳನ್ನು ತಂದು ಸೇರಿಸುತ್ತದೆ. ಒಂದು ಎಚ್ಚರಿಕೆ: ಎಪಿಐಯಲ್ಲಿ "ಬಿಲ್ಡ್ಸ್" ಅಂತ ಕೇಳಿದರೆ ಕೊನೆಯ 100 ಮಾತ್ರ ಕೊಡುತ್ತದೆ. "ಆಲ್‌ಬಿಲ್ಡ್ಸ್" ಅಂತ ಕೇಳಬೇಕು. ಖರ್ಚು ಸೊನ್ನೆ. ಯಾವ ವೆಂಡರ್‌ಗೂ ಕೈ ಚಾಚಿಲ್ಲ.

ಗ್ರಾಫ್ ಪ್ರೇಮಿ:
ಸ್ಕ್ರಿಪ್ಟ್ ಬರೆದವರು ಕೆಲಸ ಬಿಟ್ಟು ಹೋದ ದಿನ ಅದರ ಕಥೆಯೂ ಮುಗಿಯುತ್ತದೆ. ನಾವು ಅಂಕಿ ಕೂಡಿಡುವ ಪ್ರೊಮಿಥಿಯಸ್ ಮತ್ತು ಗ್ರಾಫ್ ತೋರಿಸುವ ಗ್ರಾಫಾನಾ ಹಾಕಿದ್ದೇವೆ. ದೊಡ್ಡ ಟಿವಿಯಲ್ಲಿ ಎಲ್ಲರಿಗೂ ಕಾಣುತ್ತದೆ.

ಆದರೆ ಅಲ್ಲಿಗೆ ಬರುವಷ್ಟರಲ್ಲಿ ಸಾಕುಸಾಕಾಯಿತು. ಸೆಟಪ್ ಮಾಡಿಕೊಟ್ಟ ವೆಂಡರ್ ದುಡ್ಡು ತೆಗೆದುಕೊಂಡು ಹೋದರು. ಎರಡು ತಿಂಗಳಾದ ಮೇಲೆ ಹಿಂದಿನ ತಿಂಗಳ ಗ್ರಾಫ್ ನೋಡೋಣ ಅಂದರೆ ಖಾಲಿ. ಪ್ರೊಮಿಥಿಯಸ್ ಏನೂ ಹೇಳದಿದ್ದರೆ 15 ದಿನದ ಡೇಟಾ ಮಾತ್ರ ಇಟ್ಟುಕೊಳ್ಳುತ್ತದೆ. ಅದನ್ನು ಬದಲಾಯಿಸಿಯೇ ಇರಲಿಲ್ಲ. ಇನ್ನೊಂದು ಇನ್ನೂ ಕೆಟ್ಟದ್ದು. ನೂರಕ್ಕೆ 95 ಬಿಲ್ಡ್ ಎಷ್ಟರೊಳಗೆ ಮುಗಿಯುತ್ತವೆ ಅನ್ನುವ ಗೆರೆ ಯಾವಾಗಲೂ 10 ಸೆಕೆಂಡ್ ಅಂತ ತೋರಿಸುತ್ತಿತ್ತು. ಬಿಲ್ಡ್ ಹಿಡಿಯುತ್ತಿದ್ದದ್ದು 20 ನಿಮಿಷ! ಕಾರಣ, ಅದರ ಹಿಸ್ಟೋಗ್ರಾಮ್ ಬಕೆಟ್‌ಗಳು (ಅವಧಿಗಳನ್ನು ವಿಂಗಡಿಸಿ ಎಣಿಸುವ ಗುಂಪುಗಳು) ವೆಬ್ ರಿಕ್ವೆಸ್ಟ್‌ಗಾಗಿ ಮಾಡಿದವು, ತಾನಾಗಿ ಬರುವ ಕೊನೆಯ ಬಕೆಟ್ 10 ಸೆಕೆಂಡಿನದು. ಅದಕ್ಕಿಂತ ದೊಡ್ಡದೆಲ್ಲ ಅನಂತದ ಬಕೆಟ್‌ಗೆ ಬಿದ್ದು, ಲೆಕ್ಕ 10ಕ್ಕೇ ನಿಲ್ಲುತ್ತದೆ. 1, 2, 5, 10, 20, 40, 60 ನಿಮಿಷ ಅಂತ ಬಕೆಟ್ ನಾನೇ ಕೂತು ಹಾಕಿದೆ. ಈಗ ಬಂಗಾರದಂಗೆ ನಡೆಯುತ್ತಿದೆ.

ಹಳೇ ಜೆಂಕಿನ್ಸ್:
ನೀವೇ ಹೇಳಿದ್ದನ್ನು ಇನ್ನೊಂದು ಸಲ ಓದಿ ಸ್ವಾಮಿ. ದಿನಕ್ಕೆ 60-70 ಬಿಲ್ಡ್ ಆಗುವ ಕಡೆ ಪ್ರತಿಯೊಂದಕ್ಕೂ ಒಂದು ಸಾಲು ಬರೆದಿಟ್ಟರೆ ಸಾಕು. ಅದನ್ನು ಬಕೆಟ್‌ಗೆ ಸುರಿದು, ಆಮೇಲೆ ಅಂದಾಜು ಮಾಡುವುದು ಯಾಕೆ? ಸಾಲು ಇದ್ದರೆ ಯಾವ ಬಿಲ್ಡ್, ಯಾವ ಕಮಿಟ್ (ಕೋಡ್ ಬದಲಾವಣೆ), ಯಾವ ಮಷೀನ್ ಅಂತ ಬೆರಳಿಟ್ಟು ತೋರಿಸಬಹುದು. ಗ್ರಾಫಾನಾ ಬೇಕಿದ್ದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೂ ಕೂರುತ್ತದೆ.

ಗ್ರಾಫ್ ಪ್ರೇಮಿ:
ನಮ್ಮಲ್ಲಿ ದಿನಕ್ಕೆ 60 ಅಲ್ಲ, ಅದರ ಎಷ್ಟೋ ಪಟ್ಟು ಆಗುತ್ತದೆ. ಎಲ್ಲರ ಮನೆಯೂ ನಿಮ್ಮ ಮನೆ ಅಲ್ಲ.

ಕುಡ್ಲದ ಕೋಡರ್:
ಜೆಂಕಿನ್ಸ್ ಗಲಾಟೆಯೇ ಬೇಡ ಅಂತ ನಾವು ಗಿಟ್‌ಹಬ್‌ನದೇ ಬಿಲ್ಡ್ ಸೇವೆಯಾದ ಗಿಟ್‌ಹಬ್ ಆ್ಯಕ್ಷನ್ಸ್‌ಗೆ ಹೋದವರು. ಹೋಗಿದ್ದು ಒಳ್ಳೆಯದೇ ಆಯಿತು, ಆದರೆ ಬಿಲ್ ವಿಷಯ ಕೇಳಿ. 22 ನಿಮಿಷದ ಪೈಪ್‌ಲೈನನ್ನು (ಬಿಲ್ಡ್‌ನ ಹಂತಗಳ ಸಾಲನ್ನು) ಒಡೆದು ಒಟ್ಟಿಗೆ ಓಡುವ ಸಣ್ಣ ಸಣ್ಣ ಜಾಬ್ ಮಾಡಿದೆವು. 9 ನಿಮಿಷಕ್ಕೆ ಇಳಿಯಿತು. ಟೀಮ್‌ನಲ್ಲಿ ಎಲ್ಲರಿಗೂ ಖುಷಿ. ತಿಂಗಳ ಕೊನೆಗೆ ಬಿಲ್ ಏರಿತ್ತು. ಯಾಕೆ? ಪ್ರೈವೇಟ್ ರೆಪೊದಲ್ಲಿ (ಹೊರಗಿನವರಿಗೆ ಕಾಣದ ಕೋಡ್ ಸಂಗ್ರಹದಲ್ಲಿ) ಪ್ರತಿ ಜಾಬನ್ನೂ ಮೇಲಿನ ಪೂರ್ತಿ ನಿಮಿಷಕ್ಕೆ ಏರಿಸಿ ಲೆಕ್ಕ ಹಾಕುತ್ತಾರೆ. 20 ಸೆಕೆಂಡಿನ ಜಾಬ್‌ಗೂ ಒಂದು ನಿಮಿಷ. ಅಂಥ 30 ಜಾಬ್ ಇದ್ದರೆ ಕೆಲಸ 10 ನಿಮಿಷದ್ದು, ಬಿಲ್ 30 ನಿಮಿಷದ್ದು. ಐಫೋನ್ ಆ್ಯಪ್‌ನ ಬಿಲ್ಡ್ ಮ್ಯಾಕ್ ಮೇಲೆ, ಅದಕ್ಕೆ ಆಗ ಲಿನಕ್ಸ್‌ನ 10 ಪಟ್ಟು. ಆದ್ದರಿಂದ ರಿಪೋರ್ಟ್‌ನಲ್ಲಿ "ಎಷ್ಟು ಹೊತ್ತು ಹಿಡಿಯಿತು" ಒಂದು ಕಾಲಂ, "ಎಷ್ಟು ನಿಮಿಷಕ್ಕೆ ದುಡ್ಡು ಕೊಟ್ಟೆವು" ಇನ್ನೊಂದು ಕಾಲಂ ಇರಲೇಬೇಕು.

ಮತ್ತೆ ಅಲ್ಲಿ ರೀರನ್ ಒಂದು ಬಲೆ. ಸೋಮವಾರ ಬಿದ್ದ ರನ್ ಅನ್ನು ಗುರುವಾರ ಮತ್ತೆ ಓಡಿಸಿದರೆ ಹುಟ್ಟಿದ ಸಮಯ ಸೋಮವಾರದ್ದೇ ಉಳಿಯುತ್ತದೆ. ಆ ಸಮಯದಿಂದ ಲೆಕ್ಕ ಹಾಕುವ ಡ್ಯಾಶ್‌ಬೋರ್ಡ್ ಒಂದನ್ನು ತಿಂಗಳ ಬಾಡಿಗೆಗೆ ಕೊಂಡಿದ್ದೆವು. ಮೂರು ದಿನ ಓಡಿದ ಬಿಲ್ಡ್ ಅಂತ ಕೆಂಪು ಕಂಬ ತೋರಿಸುತ್ತಿತ್ತು. ಸಪೋರ್ಟ್‌ನವರು ಉತ್ತರ ಕೊಡಲು ತಿಂಗಳು ಎಳೆದರು. ಆ ದುಡ್ಡು ಈಗಲೂ ನನ್ನ ಹೊಟ್ಟೆ ಉರಿಸುತ್ತದೆ. ರನ್‌ನ ಸಮಯ ಬಿಟ್ಟು, ಪ್ರತಿ ಜಾಬ್‌ನ ಶುರು ಮತ್ತು ಮುಕ್ತಾಯ ತೆಗೆದುಕೊಳ್ಳಿ.

ಧಾರವಾಡದ ಪೇಢೆ:
ಸರಾಸರಿ ಹಾಕಬೇಡ್ರಿ ಅಂತ ಯಾರೂ ಇನ್ನೂ ಹೇಳಿಲ್ಲ, ಆಶ್ಚರ್ಯ. ನಮ್ಮ ಮೇನ್ ಬ್ರಾಂಚ್ (ಎಲ್ಲರ ಕೋಡ್ ಬಂದು ಸೇರುವ ಕವಲು) ಒಂದು ವಾರ ಪೂರ್ತಿ ಮುರಿದು ಬಿದ್ದಿತ್ತು. ಕಂಪೈಲ್ ಆಗದೆ 40 ಸೆಕೆಂಡಿಗೇ ಬಿಲ್ಡ್ ಸಾಯುತ್ತಿತ್ತು. ಆ ವಾರದ ಸರಾಸರಿ ಧಡಾರನೆ ಇಳಿಯಿತು. ಮೇಲಿನವರು "ಭಾಳ ಛಲೋ ಕೆಲಸ" ಅಂತ ಮೇಲ್ ಕಳಿಸಿದರು. ನಾವು ಮೂರು ಮಂದಿ ರಾತ್ರಿ ಕೂತು ಬ್ರಾಂಚ್ ರಿಪೇರಿ ಮಾಡುತ್ತಿದ್ದೆವು. ಪಾಸಾದ ಬಿಲ್ಡ್ ಮಾತ್ರ ಎಣಿಸಿ. ರದ್ದು ಮಾಡಿದ್ದು, ಬಿದ್ದದ್ದು ಬೇರೆ ಇಡಿ. ಮೀಡಿಯನ್ (ಸಾಲಾಗಿ ಇಟ್ಟಾಗ ನಡುವಿನದು) ಒಂದು ಗೆರೆ, ನೂರಕ್ಕೆ 95ರದ್ದು ಇನ್ನೊಂದು ಗೆರೆ.

ಕ್ಯಾಶ್ (ಹಿಂದೆ ಮಾಡಿಟ್ಟ ಫಲಿತಾಂಶ ಮತ್ತೆ ಬಳಸುವುದು) ಇದ್ದರೆ ಇನ್ನೊಂದು ತೊಡಕು. ನಮ್ಮ ಬಿಲ್ಡ್ ಟೂಲ್ ಗ್ರೇಡಲ್‌ಗೆ ಕ್ಯಾಶ್ ಸಿಕ್ಕರೆ 6 ನಿಮಿಷ, ಸಿಗದಿದ್ದರೆ 25 ನಿಮಿಷ. ಎರಡನ್ನೂ ಕೂಡಿಸಿ 15 ಅಂತ ಹೇಳಿದರೆ, ಅಷ್ಟು ಹಿಡಿದ ಬಿಲ್ಡ್ ಒಂದೂ ಇಲ್ಲ!

ಬೇಜೆಲ್ ಭಕ್ತ:
ಗ್ರೇಡಲ್ ಬಿಟ್ಟು ಇನ್ನೊಂದು ಬಿಲ್ಡ್ ಟೂಲ್ ಬೇಜೆಲ್‌ಗೆ ಬನ್ನಿ. ಕ್ಯಾಶ್ ತಲೆನೋವೇ ಇರುವುದಿಲ್ಲ.

ಧಾರವಾಡದ ಪೇಢೆ:
ಆಂಡ್ರಾಯ್ಡ್ ಆ್ಯಪ್ ಒಂದನ್ನು ಬೇಜೆಲ್‌ಗೆ ದಾಟಿಸಿ ನೋಡಿದ್ದೀರಾ? ಸಣ್ಣ ಟೀಮ್‌ಗೆ ಬಿಲ್ಡ್ ಫೈಲ್ ನೋಡಿಕೊಳ್ಳಲಿಕ್ಕೇ ಒಬ್ಬ ಮನುಷ್ಯ ಬೇಕು. ಕೇಳಿದ್ದು ಲೆಕ್ಕ ಇಡುವುದು ಹೇಗೆ ಅಂತ, ನೀವು ಮನೆ ಕೆಡವಿ ಕಟ್ಟಿ ಅನ್ನುತ್ತೀರಿ.

ಬೇಜೆಲ್ ಭಕ್ತ:
ನಾವು ದಾಟಿಸಿದ್ದೇವೆ. ಎಂಟು ತಿಂಗಳು ಹಿಡಿಯಿತು, ಅಷ್ಟೂ ಸಾರ್ಥಕ. ಮಾಡದವರು ಮಾಡಿದವರಿಗೆ ಬುದ್ಧಿ ಹೇಳುವುದು ಬೇಡ.

ಮಲೆನಾಡ ಮಳೆ:
ನಮ್ಮದು ಬೇರೆಯೇ ಕಥೆ, ಸ್ವಲ್ಪ ಉದ್ದ ಇದೆ. ಬೆಳಿಗ್ಗೆ ಬಿಲ್ಡ್ 13 ನಿಮಿಷ, ಮಧ್ಯಾಹ್ನ ಊಟ ಆದ ಮೇಲೆ 35. ದಿನಾ ಹೀಗೇ. ಟೆಸ್ಟ್ ಜಾಸ್ತಿ ಆಗಿದೆ ಅಂತ ಆರ್ಕಿಟೆಕ್ಟ್ ಒಬ್ಬರು ತೀರ್ಮಾನ ಮಾಡಿದರು. ಒಳ್ಳೊಳ್ಳೆಯ ಟೆಸ್ಟ್‌ಗಳನ್ನು ತೆಗೆಸಿದರು. ನಾನು ಬರೆದ ಪೇಮೆಂಟ್ ಟೆಸ್ಟ್‌ಗಳೂ ಹೋದವು. ಮಧ್ಯಾಹ್ನದ 35 ಹಾಗೇ ಇತ್ತು.

ಕೊನೆಗೆ ಬಿಲ್ಡ್ ಶುರುವಾದ ಗಂಟೆಯ ಪ್ರಕಾರ ಬಿಡಿಸಿ ಗ್ರಾಫ್ ಹಾಕಿದಾಗ ಹೊಳೆಯಿತು. ಬಿಲ್ಡ್ ಓಡುವ ಏಜೆಂಟ್ ಮಷೀನ್ ಅಮೆಜಾನ್ ಕ್ಲೌಡ್‌ನಲ್ಲಿ, ಜಿಪಿ2 ಅನ್ನುವ ಬಗೆಯ 100 ಜಿಬಿ ಡಿಸ್ಕ್. ಆ ಡಿಸ್ಕ್‌ಗೆ ಒಂದು ಜಿಬಿಗೆ ಸೆಕೆಂಡಿಗೆ 3 ಓದು-ಬರಹ ಅಂತ ಲೆಕ್ಕ, ಅಂದರೆ ನಮಗೆ 300. ಖಾತೆಯಲ್ಲಿ ಕ್ರೆಡಿಟ್ (ಬಳಸದೆ ಕೂಡಿಟ್ಟ ಓದು-ಬರಹ) ಇರುವ ತನಕ 3000 ವರೆಗೆ ಓಡುತ್ತದೆ. ತುಂಬಿದ ಖಾತೆಯಲ್ಲಿ 54 ಲಕ್ಷ ಕ್ರೆಡಿಟ್. ಪೂರ್ತಿ ವೇಗದಲ್ಲಿ ಎಳೆದರೆ ಸುಮಾರು ಅರ್ಧ ಗಂಟೆಗೆ ಖಾಲಿ. ರಾತ್ರಿ ತುಂಬುತ್ತಿತ್ತು, ಬೆಳಗಿನ ಬಿಲ್ಡ್‌ಗಳು ಅದನ್ನು ತಿನ್ನುತ್ತಿದ್ದವು, ಮಧ್ಯಾಹ್ನ 300ಕ್ಕೆ ಕುಸಿಯುತ್ತಿತ್ತು. ಜಿಪಿ3ಗೆ ಬದಲಾಯಿಸಿದೆವು. ಅದರಲ್ಲಿ ಡಿಸ್ಕ್ ಎಷ್ಟೇ ಸಣ್ಣದಿದ್ದರೂ 3000 ಸಿಗುತ್ತದೆ, ಜಿಬಿ ಲೆಕ್ಕದಲ್ಲಿ ದರವೂ ಕಡಿಮೆ. ಮಧ್ಯಾಹ್ನವೂ 13 ನಿಮಿಷಕ್ಕೆ ಬಂತು. ತೆಗೆದ ಟೆಸ್ಟ್‌ಗಳನ್ನು ಮಾತ್ರ ಯಾರೂ ವಾಪಸ್ ಹಾಕಲಿಲ್ಲ.

ಕಾವೇರಿ ತೀರ:
ನಿಮ್ಮ ಟೆಸ್ಟ್ ಹೋದದ್ದು ಕೇಳಿ ಬೇಸರ ಆಯಿತು. ನಮ್ಮಲ್ಲಿ ಇದಕ್ಕಿಂತ ಕೆಟ್ಟದ್ದು ಆಯಿತು. ಯಾರ ಕಮಿಟ್ ಆದ ಮೇಲೆ ಬಿಲ್ಡ್ ಎಷ್ಟು ನಿಧಾನ ಆಯಿತು ಅಂತ ಪ್ರತಿ ಸೋಮವಾರ ಹೆಸರು ಸಮೇತ ಮೇಲ್ ಬರುತ್ತಿತ್ತು. ಎರಡೇ ತಿಂಗಳಲ್ಲಿ ಜನ ಹೊಸ ಟೆಸ್ಟ್ ಬರೆಯುವುದನ್ನೇ ನಿಲ್ಲಿಸಿದರು. ಟೆಸ್ಟ್ ಸೇರಿಸಿದರೆ ನಿಮ್ಮ ಹೆಸರು ಮೇಲೆ ಬರುತ್ತದೆ ಅಲ್ವಾ? ಒಬ್ಬಳು ಹೊಸ ಹುಡುಗಿ ಲೈಬ್ರರಿ ಒಂದರ ಆವೃತ್ತಿ ಏರಿಸಿದಳು, ಕ್ಯಾಶ್ ಎಲ್ಲ ಹಳೆಯದಾಯಿತು, ಆ ವಾರ ಅವಳ ಹೆಸರೇ ಮೊದಲು. ಅಳುತ್ತಾ ಬಂದಳು. ತಂಗಿ, ಆರು ತಿಂಗಳ ಗ್ರಾಫ್ ಕೊಡಿ, ಆದರೆ ಜನರ ಹೆಸರು ಇರುವ ಕಾಲಂ ಅದರಲ್ಲಿ ಇಡಲೇಬೇಡಿ.

ಟೀಮ್ ಲೀಡ್ 2012:
ಹೆಸರು ಇಲ್ಲದಿದ್ದರೆ ಸರಿಮಾಡುವವರು ಯಾರು? ನಾನು ಹೆಸರು ಹಾಕಿಸುತ್ತೇನೆ, ನಾಚಿಕೆ ಪಡುವುದೇನಿಲ್ಲ. ನನ್ನ ಟೀಮ್‌ನ ಬಿಲ್ಡ್ ಒಂದೂವರೆ ವರ್ಷದಿಂದ 10 ನಿಮಿಷ ದಾಟಿಲ್ಲ.

ಕಾವೇರಿ ತೀರ:
ದಾಟಿಲ್ಲ ಅನ್ನುತ್ತೀರಲ್ಲ, ಆ ಒಂದೂವರೆ ವರ್ಷದಲ್ಲಿ ಎಷ್ಟು ಟೆಸ್ಟ್ ಸೇರಿದವು ಅದನ್ನೂ ಹೇಳಿ.

ಟೀಮ್ ಲೀಡ್ 2012:
ಅದು ನಮ್ಮ ಒಳಗಿನ ವಿಷಯ.

ಕಾವೇರಿ ತೀರ:
ಅದೇ ರೀ ನಾನು ಕೇಳಿದ್ದು. ಉತ್ತರ ಸಿಕ್ಕಿತು.

ಮೈಸೂರು ಮರ್ಜ್:
ಜಗಳದ ನಡುವೆ ಒಂದು ಮಾತು. ಸಮಯ ಯುಟಿಸಿಯಲ್ಲಿ (ಜಾಗತಿಕ ಸಮಯದಲ್ಲಿ) ಇರುತ್ತದೆ, ನೆನಪಿರಲಿ. ಅಲ್ಲಿ ದಿನ ಬದಲಾಗುವುದು ನಮ್ಮ ಬೆಳಗಿನ 5:30ಕ್ಕೆ. ರಾತ್ರಿ 2 ಗಂಟೆಯ ಬಿಲ್ಡ್ ಹಿಂದಿನ ದಿನಕ್ಕೆ ಹೋಗುತ್ತದೆ, ಒಂದನೇ ತಾರೀಕಿನದು ಹಿಂದಿನ ತಿಂಗಳಿಗೆ. ನಮ್ಮ ತಿಂಗಳ ರಿಪೋರ್ಟ್ ಮತ್ತು ಅಮೆರಿಕದ ಟೀಮ್‌ನ ರಿಪೋರ್ಟ್ ತಾಳೆಯಾಗದೆ ಎರಡು ಮೀಟಿಂಗ್ ಹಾಳಾದವು.

ಗ್ರಾಫ್ ಪಕ್ಕದಲ್ಲಿ ಒಂದು ಡೈರಿಯೂ ಇಡಿ. 2020ರ ನವೆಂಬರ್‌ನಲ್ಲಿ ಡಾಕರ್ ಹಬ್ (ಬಿಲ್ಡ್‌ಗೆ ಬೇಕಾದ ರೆಡಿಮೇಡ್ ಸಾಫ್ಟ್‌ವೇರ್ ಇಮೇಜ್ ಸಿಗುವ ತಾಣ) ಮಿತಿ ಹಾಕಿತು. ಲಾಗಿನ್ ಇಲ್ಲದೆ ಇಮೇಜ್ ಎಳೆದರೆ 6 ಗಂಟೆಗೆ 100 ಸಲ ಮಾತ್ರ, ಅದೂ ಐಪಿ (ಇಂಟರ್‌ನೆಟ್ ವಿಳಾಸ) ಲೆಕ್ಕ. ನಮ್ಮ ಆಫೀಸ್ ಪೂರ್ತಿ ಒಂದೇ ಐಪಿ. ಬಿಲ್ಡ್‌ಗಳು ಬಿದ್ದು ಬಿದ್ದು ಮತ್ತೆ ಓಡಿದವು. ಆ ತಿಂಗಳ ಗುಡ್ಡ ಯಾಕೆ ಬಂತು ಅಂತ ಆಮೇಲೆ ಸೇರಿದವರು ಕೋಡ್‌ನಲ್ಲಿ ಹುಡುಕುತ್ತಾ ಕೂತಿದ್ದರು.

ಗಿಟ್‌ಲ್ಯಾಬ್ ಗಿರಾಕಿ:
ಕೋಡ್ ಇಡಲೂ ಬಿಲ್ಡ್ ಮಾಡಲೂ ಆಗುವ ಗಿಟ್‌ಲ್ಯಾಬ್ ಬಗ್ಗೆ ಒಬ್ಬರೂ ಮಾತಾಡಿಲ್ಲ. ಅಲ್ಲಿ ಪೈಪ್‌ಲೈನ್ ಅವಧಿಯ ಗ್ರಾಫ್ ಒಳಗೇ ಇದೆ, ಆದರೆ ಆ ಸಂಖ್ಯೆ ನಂಬಿ ನಾನು ಕೆಟ್ಟೆ. ರನ್ನರ್‌ಗಾಗಿ (ಬಿಲ್ಡ್ ಓಡುವ ಮಷೀನ್‌ಗಾಗಿ) ಕಾಯುವ ಸಮಯ, ರೀಟ್ರೈ ಎರಡೂ ಅದರಲ್ಲಿ ಸೇರುವುದಿಲ್ಲ. ಡೆವಲಪರ್ 40 ನಿಮಿಷ ಕಾದಿರುತ್ತಾನೆ, ಪುಟದಲ್ಲಿ 14 ನಿಮಿಷ. ರನ್ನರ್ ಕೇಳಲು ಹೋದರೆ "14 ಚೆನ್ನಾಗಿಯೇ ಇದೆಯಲ್ಲ" ಅಂತ ಬಾಗಿಲು ಮುಚ್ಚಿದರು. ಕ್ಯೂನಲ್ಲಿ ಕಾದದ್ದು ಎಪಿಐಯಲ್ಲಿ ಬೇರೆ ಸಂಖ್ಯೆಯಾಗಿ ಸಿಗುತ್ತದೆ. ಹೊಸ ಮಷೀನ್ ಕೇಳುವವರಿಗೆ ಬೇಕಾದ್ದು ಆ ಸಂಖ್ಯೆಯೇ.

ಹಾಸನದ ಹುಡುಗಿ:
ಎಲ್ಲರಿಗೂ ಧನ್ಯವಾದ. ಹಳೇ ಜೆಂಕಿನ್ಸ್ ಸರ್ ಹೇಳಿದ ಹಾಗೆ ಹುಡುಕಿದೆ, ಹಳೇ ಬ್ಯಾಕಪ್ ಒಂದು ಸಿಕ್ಕಿದೆ! ಎಕ್ಸ್‌ಎಂಎಲ್ ಫೈಲ್‌ಗಳು ಇವೆ. ಆದರೆ ಕ್ಯೂನಲ್ಲಿ ಕಾದ ಸಮಯ ಅದರಲ್ಲಿ ಕಾಣುತ್ತಿಲ್ಲ. ಮಾರ್ಚ್‌ನಲ್ಲಿ ಅವಧಿ ಒಮ್ಮೆಲೇ 8 ನಿಮಿಷ ಏರಿದೆ. ಆಗ ನಾವು ಫ್ರೀಸ್ಟೈಲ್ ಜಾಬ್ (ಜೆಂಕಿನ್ಸ್ ಪುಟದಲ್ಲೇ ಆಯ್ಕೆ ಹಾಕಿ ಕಟ್ಟುವುದು) ಬಿಟ್ಟು ಜೆಂಕಿನ್ಸ್‌ಫೈಲ್‌ಗೆ (ಹಂತಗಳನ್ನು ಫೈಲ್‌ನಲ್ಲಿ ಬರೆಯುವ ಪೈಪ್‌ಲೈನ್ ಜಾಬ್‌ಗೆ) ಬಂದೆವು.

ಹಳೇ ಜೆಂಕಿನ್ಸ್:
ಆ 8 ನಿಮಿಷವೇ ನಿಮ್ಮ ಕ್ಯೂ ಇರಬಹುದು. ಫ್ರೀಸ್ಟೈಲ್ ಜಾಬ್‌ನಲ್ಲಿ ಏಜೆಂಟ್ ಸಿಕ್ಕ ಮೇಲೆ ಗಡಿಯಾರ ಶುರು. ಪೈಪ್‌ಲೈನ್ ಜಾಬ್‌ನಲ್ಲಿ ಗಡಿಯಾರ ಮೊದಲೇ ಶುರುವಾಗುತ್ತದೆ, ಏಜೆಂಟ್‌ಗಾಗಿ ಕಾದದ್ದೂ ಅವಧಿಯೊಳಗೇ ಸೇರುತ್ತದೆ. ಮಾರ್ಚ್‌ಗೆ ಮುಂಚಿನದು, ಆಮೇಲಿನದು ಒಂದೇ ಗೆರೆಯಲ್ಲಿ ಹಾಕಬೇಡಿ. ಲಾಗ್‌ನಲ್ಲಿ ಪ್ರತಿ ಸಾಲಿಗೂ ಸಮಯ ಬೀಳುವ ಪ್ಲಗಿನ್ (ಜೆಂಕಿನ್ಸ್‌ಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್) ಇದ್ದರೆ, ಏಜೆಂಟ್ ಸಿಗುವ ಮುಂಚಿನ ಸಾಲು ಮತ್ತು ಸಿಕ್ಕ ಮೇಲಿನ ಸಾಲು ಕಳೆದು ನೋಡಿ. ಮೆಟ್ರಿಕ್ಸ್ ಪ್ಲಗಿನ್ ಇವತ್ತೇ ಹಾಕಿ, ಮುಂದಿನ ಬಿಲ್ಡ್‌ಗಳಿಗೆ ಕಾದ ಸಮಯ ಬೇರೆಯಾಗಿ ಬರೆದಿಡುತ್ತದೆ. ಆ 50ರ ಮಿತಿಯನ್ನೂ ಇವತ್ತೇ ತೆಗೆಸಿ, ನಾಳೆ ಬೆಳಿಗ್ಗೆ ಅಂತ ಬಿಡಬೇಡಿ.

ಗ್ರಾಫ್ ಪ್ರೇಮಿ:
ಮಿತಿ ತೆಗೆದರೆ ಜೆಂಕಿನ್ಸ್ ಪುಟ ತೆರೆಯುವುದೇ ನಿಧಾನ ಆಗುತ್ತದೆ. ಅದನ್ನೂ ಹೇಳಿ.

ಹಳೇ ಜೆಂಕಿನ್ಸ್:
ಸ್ಕ್ರಿಪ್ಟ್ ಓಡಲು ಶುರುವಾಗುವ ತನಕ ಸಾಕು. ಆಮೇಲೆ ಮತ್ತೆ 50 ಹಾಕಿಕೊಳ್ಳಲಿ.