ಪೆನ್‌ಡ್ರೈವ್‌ಗೆ ಹೋಗದ ತಾಳಮದ್ದಳೆ ಫೈಲ್‌ಗಳು

ಪ್ರಶ್ನೆ: ನಮಸ್ಕಾರ ಸರ್. ಅಪ್ಪಯ್ಯ ಕ್ಯಾಸೆಟ್‌ನಲ್ಲಿ ಹಿಡಿದಿಟ್ಟಿದ್ದ ತಾಳಮದ್ದಳೆಗಳನ್ನೆಲ್ಲ ಉಬುಂಟು ಕಂಪ್ಯೂಟರ್‌ಗೆ ಇಳಿಸಿದ್ದೇನೆ. ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಿ ತಮ್ಮನಿಗೆ ಕಳಿಸೋಣ ಅಂದರೆ ಕೆಲವು ಫೈಲ್ ಮಾತ್ರ ಹೋಗುತ್ತಿಲ್ಲ, ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಅನ್ನುತ್ತಿದೆ. ಉದಾಹರಣೆಗೆ ‘ವಾಲಿವಧೆ 21:30 ಸುಗ್ರೀವ?’ ಅನ್ನುವ ಫೈಲ್. ಅರ್ಥ ಹೇಳಿದವರು, ಅಂದರೆ ಪಾತ್ರದ ಮಾತಾಡಿದವರು, ಯಾರೆಂದು ಅನುಮಾನ ಇದ್ದಲ್ಲಿ ಅಪ್ಪಯ್ಯ ಪ್ರಶ್ನೆ ಚಿಹ್ನೆ ಹಾಕುತ್ತಿದ್ದರು, ಹಾಗೇ ಟೈಪ್ ಮಾಡಿದ್ದೆ. ತಮ್ಮನದ್ದು ವಿಂಡೋಸ್. ಫೈಲ್ ಹಾಳಾಗಿದೆಯಾ? ಚಿಹ್ನೆಗಳನ್ನೆಲ್ಲ ಅಳಿಸಿಬಿಡಲಾ?

ಉತ್ತರ: ಫೈಲ್ ಚೆನ್ನಾಗಿಯೇ ಇದೆ ಮೇಡಂ, ಹೆಸರಷ್ಟೇ ತಕರಾರು. ನಿಮ್ಮ ಉಬುಂಟು ಒಂದು ಲಿನಕ್ಸ್; ಲಿನಕ್ಸ್‌ನ ಎಕ್ಸ್‌ಟಿ4 ಮಾದರಿಯ ಡಿಸ್ಕ್‌ನಲ್ಲಿ ಹೆಸರೊಳಗೆ ಬರಬಾರದ್ದು ಎರಡೇ: ಓರೆಗೆರೆ / ಮತ್ತು ಬೆಲೆ ಸೊನ್ನೆ ಇರುವ ಬೈಟ್. ವಿಂಡೋಸ್‌ನಲ್ಲಿ \ / : * ? " < > | ಈ ಒಂಬತ್ತಕ್ಕೂ ಬೇರೆ ಕೆಲಸ ಹಂಚಿಯಾಗಿದೆ. ಕೋಲನ್ ಡ್ರೈವ್‌ನ ಅಕ್ಷರದ ಪಕ್ಕ ಕೂರುತ್ತದೆ, ? ಮತ್ತು * ಹುಡುಕಾಟದಲ್ಲಿ ‘ಯಾವುದಾದರೂ ಸರಿ’ ಅನ್ನೋದಕ್ಕೆ. ಎಕ್ಸ್‌ಫ್ಯಾಟ್ ಕೂಡ ಈ ಒಂಬತ್ತನ್ನು ಒಪ್ಪೋದಿಲ್ಲ. ಅದಕ್ಕೇ ವಿಂಡೋಸ್ ಮುಟ್ಟುವ ಮೊದಲು ಪೆನ್‌ಡ್ರೈವ್‌ನಲ್ಲೇ ತಡೆಯಾಗಿದೆ.

ದಯವಿಟ್ಟು ಒಟ್ಟಿಗೆ ಅಳಿಸಬೇಡಿ. ‘ಕರ್ಣಪರ್ವ’ ಮತ್ತು ‘ಕರ್ಣಪರ್ವ?’ ಅಂತ ಎರಡು ಫೈಲ್ ಇದ್ದರೆ, ಚಿಹ್ನೆ ಹೋದ ಮೇಲೆ ಎರಡಕ್ಕೂ ಒಂದೇ ಹೆಸರು. ಒಂದರ ಮೇಲೆ ಇನ್ನೊಂದು ಕೂತು ಒಂದು ರಾತ್ರಿಯ ಕೂಟವೇ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಪ್ರಶ್ನೆ ಚಿಹ್ನೆ ನಿಮ್ಮ ತಂದೆಯವರ ಟಿಪ್ಪಣಿ. ಅದನ್ನು ಮಾತಲ್ಲೇ ಬರೆಯಿರಿ: ‘ವಾಲಿವಧೆ 2130 ಸುಗ್ರೀವ-ಅನುಮಾನ’. ಮೊದಲು ಒಂದು ಶೀಟ್‌ನಲ್ಲಿ ಹಳೆ ಹೆಸರು, ಹೊಸ ಹೆಸರು ಅಕ್ಕಪಕ್ಕ ಬರೆದು, ಹೊಸ ಕಾಲಂನಲ್ಲಿ ಒಂದೇ ಹೆಸರು ಎರಡು ಸಲ ಬಂದಿದೆಯಾ ನೋಡಿ. ಆಮೇಲೆ ‘ಎಂವಿ’ ಆದೇಶಕ್ಕೆ ‘-ಎನ್’ ಸೇರಿಸಿ ಹೆಸರು ಬದಲಿಸಿ. ಆ ಹೆಸರಿನ ಫೈಲ್ ಆಗಲೇ ಇದ್ದರೆ ಅದು ಮೇಲೆ ಬರೆಯೋದಿಲ್ಲ. ಶೀಟ್ ಕೂಡ ಪೆನ್‌ಡ್ರೈವ್‌ಗೇ ಹಾಕಿ. ಮೂಲ ಹೆಸರು ಬಿಡಲೇಬಾರದು ಅಂದರೆ ಎಲ್ಲವನ್ನೂ ಟಾರ್ ಅನ್ನುವ ಒಂದೇ ಗಂಟಿನಂಥ ಕಡತವಾಗಿ ಕಟ್ಟಿಡಬಹುದು, ಆದರೆ ತಮ್ಮ ಅದನ್ನು ವಿಂಡೋಸ್‌ನಲ್ಲಿ ಬಿಚ್ಚುವಾಗ ಇದೇ ರಗಳೆ ಮತ್ತೆ ಎದುರಾಗುತ್ತದೆ.

ಪ್ರಶ್ನೆ: ಮಾಡಿದೆ ಸರ್, ಒಂದೇ ಹೆಸರಿನವು ಮೂರು ಜೋಡಿ ಸಿಕ್ಕವು! ಆಕ್ಸ್ ಕೇಬಲ್‌ನಲ್ಲಿ ಇಳಿಸಿದ್ದಕ್ಕೆ ಇಂಗ್ಲಿಷಿನಲ್ಲಿ ‘ಆಕ್ಸ್’ ಅಂತಲೇ ಒಂದು ಫೋಲ್ಡರ್ ಇದೆ. ಅದರಲ್ಲಿ ಚಿಹ್ನೆ ಇಲ್ಲವಲ್ಲ, ಇರಲಾ?

ಉತ್ತರ: ಬೇಡ, ಬದಲಿಸಿ. ಎ-ಯು-ಎಕ್ಸ್, ಸಿ-ಒ-ಎನ್, ಪಿ-ಆರ್-ಎನ್, ಎನ್-ಯು-ಎಲ್ ಇವೆಲ್ಲ ಡಾಸ್ ಕಾಲದಿಂದ ಸಾಧನಗಳಿಗೆ ಮೀಸಲಾದ ಹೆಸರು. ‘ಆಕ್ಸ್ ಕೇಬಲ್’ ಅಂತ ಪೂರ್ತಿ ಬರೆದರೆ ಸಾಕು. ಹೆಸರಿನ ಕೊನೆಯಲ್ಲಿ ಚುಕ್ಕಿ ಅಥವಾ ಖಾಲಿ ಜಾಗ ಇದ್ದರೂ ತೆಗೆಯಿರಿ.

ಇನ್ನೊಬ್ಬರ ಪ್ರಶ್ನೆ: ಅಣ್ಣ, ನಾನು ಇದರ ಉಲ್ಟಾ. ವಿಂಡೋಸ್‌ನಿಂದ ಲಿನಕ್ಸ್‌ಗೆ ಹಾಕುವಾಗ ಹೆಸರು ಉದ್ದ ಆಯ್ತು ಅನ್ನುತ್ತೆ. ಅಲ್ಲಿ ಸರಿ ಇತ್ತಲ್ಲ?

ಉತ್ತರ: ಎರಡರ ಮಿತಿಯೂ 255, ಎಣಿಸುವ ರೀತಿ ಬೇರೆ. ವಿಂಡೋಸ್ ಕನ್ನಡದ ಒಂದು ಸಂಕೇತವನ್ನು ಒಂದೇ ಅಂತ ಎಣಿಸುತ್ತದೆ, ಲಿನಕ್ಸ್‌ನ ಎಕ್ಸ್‌ಟಿ4 ಬೈಟ್ ಎಣಿಸುತ್ತದೆ, ಅಲ್ಲಿ ಅಕ್ಷರ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್. ‘ಯಕ್ಷಗಾನ’ ಕಣ್ಣಿಗೆ ನಾಲ್ಕಕ್ಷರ, ಒಳಗೆ ಒತ್ತು ದೀರ್ಘ ಸೇರಿ ಏಳು ಸಂಕೇತ, 21 ಬೈಟ್. ಹಾಗಾಗಿ ಪೂರಾ ಕನ್ನಡದ ಹೆಸರಿಗೆ 85 ಸಂಕೇತ ಮಾತ್ರ, ಎಂಪಿ3 ಅನ್ನುವ ಬಾಲವೂ ಅದರಲ್ಲೇ ಸೇರಬೇಕು. ವಿವರಗಳನ್ನು ಫೋಲ್ಡರ್‌ನ ಹೆಸರಿಗೆ ಹಂಚಿ, ಫೈಲ್‌ನ ಹೆಸರು ಗಿಡ್ಡ ಇಡಿ.

ಅದೇ ಪ್ರಶ್ನೆ ಮುಂದುವರಿದು: ಒಂದೇ ಫೋಲ್ಡರ್‌ನಲ್ಲಿ ‘ಕೋಟ’ ಅಂತ ಎರಡು ಫೈಲ್ ಕಾಣುತ್ತಿವೆ. ಒಂದು ಹಳೆ ಮ್ಯಾಕ್‌ನಿಂದ ಬಂದದ್ದು.

ಉತ್ತರ: ‘ಕೋ’ದ ಸ್ವರ ಒಂದೇ ಸಂಕೇತವಾಗಿ ಇರಬಹುದು, ಬಿಡಿಸಿದ ಮೂರು ತುಂಡಾಗಿಯೂ ಇರಬಹುದು. ಮ್ಯಾಕ್‌ನ ಹಳೆ ಡಿಸ್ಕ್ ಮಾದರಿ ಎಚ್‌ಎಫ್‌ಎಸ್ ಪ್ಲಸ್ ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್ ಸಾಮಾನ್ಯವಾಗಿ ಬೈಟ್ ನೋಡಿ ಹೋಲಿಸುವುದರಿಂದ ಅದಕ್ಕೆ ಇವು ಎರಡು ಬೇರೆ ಹೆಸರು. ಎರಡನ್ನೂ ತೆರೆದು ಕೇಳಿ. ಬೇರೆ ಬೇರೆ ಆಗಿದ್ದರೆ ಮೊದಲು ಒಂದಕ್ಕೆ ಇಸವಿ ಸೇರಿಸಿ, ಆಮೇಲೆ ‘ಕಾನ್‌ವ್‌ಎಂವಿ’ ಉಪಕರಣದಿಂದ ಎಲ್ಲ ಹೆಸರನ್ನೂ ಎನ್‌ಎಫ್‌ಸಿ, ಅಂದರೆ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸಿದ ರೂಪಕ್ಕೆ ತನ್ನಿ.