ಶೇಕಡಾ 1ರ ಬೋರ್ಡೋ ದ್ರಾವಣ: ತೊಟ್ಟಿಯ ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ – ಅಡಿಕೆ ಬೆಳೆಗಾರ, ಶಿರಸಿ

ಎಲ್ಲರಿಗೂ ನಮಸ್ಕಾರ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧ) ಹೊಡೆಸಲು ಮರ ಹತ್ತುವ ಕೊನೆಗೌಡ ನಾಳೆ ಬರುವವನಿದ್ದಾನೆ. 5 ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಕರಗಿಸಿ ಒಟ್ಟು 50 ಲೀಟರ್ ಮಾಡಿಟ್ಟುಕೊಂಡು, ಅದರಲ್ಲಿ 20 ಲೀಟರನ್ನು, 2 ಕಿಲೋ ಸುಣ್ಣ ಕದಡಿದ್ದ 200 ಲೀಟರ್ ನೀರಿಗೆ ಸುರಿದು ನೋಡಿದೆ. 2 ಕಿಲೋ ತುತ್ತಕ್ಕೆ 200 ಲೀಟರ್ ನೀರು, ಹಾಗಾಗಿ ಶೇಕಡಾ 1 ಎಂದುಕೊಂಡಿದ್ದೆ. ಪಿಯುಸಿ ಓದುತ್ತಿರುವ ಮಗಳು ಲೆಕ್ಕ ತಪ್ಪಿದೆ ಎನ್ನುತ್ತಾಳೆ. ಮೋಲಾರಿಟಿ (ಲೀಟರಿಗೆ ಎಷ್ಟು ಮೋಲ್ ಎಂಬ ಲೆಕ್ಕ) ಎಷ್ಟೆಂದೂ ಕೇಳುತ್ತಾಳೆ. ದಯವಿಟ್ಟು ತಿಳಿಸಿ.

ಉತ್ತರ – ರಸಾಯನಶಾಸ್ತ್ರ ಉಪನ್ಯಾಸಕಿ, ಕಾರವಾರ

ನಿಮ್ಮ ಮಗಳು ಹೇಳಿದ್ದು ಸರಿ. ಶೇಕಡಾವಾರು ಲೆಕ್ಕ ಹಾಕಬೇಕಾದದ್ದು ಮೊದಲು ತುಂಬಿಸಿದ ನೀರಿನ ಮೇಲಲ್ಲ, ಎಲ್ಲವೂ ಬೆರೆತ ಮೇಲಿನ ಒಟ್ಟು ಪ್ರಮಾಣದ ಮೇಲೆ. ನಿಮ್ಮ ತೊಟ್ಟಿಯಲ್ಲಿ ಈಗಿರುವುದು 220 ಲೀಟರ್, ಅಂದರೆ ಸಾಂದ್ರತೆ ಸುಮಾರು ಶೇಕಡಾ 0.91. ಸುಣ್ಣವನ್ನು 180 ಲೀಟರ್ ನೀರಿನಲ್ಲಿ ಕದಡಿ, ಅದಕ್ಕೆ 20 ಲೀಟರ್ ತುತ್ತದ ನೀರನ್ನು ಸುರಿದಿದ್ದರೆ ಸರಿಯಾಗಿ 1 ಆಗುತ್ತಿತ್ತು.

ಮೋಲಾರಿಟಿಯ ವಿಷಯದಲ್ಲಿ ಮಕ್ಕಳು ಎಡವುವ ಒಂದು ಜಾಗವಿದೆ. ಅಂಗಡಿಯ ನೀಲಿ ಹರಳಿನ ಪ್ರತಿ ಅಣುಸೂತ್ರದಲ್ಲಿ ಐದು ನೀರಿನ ಅಣುಗಳೂ ಸೇರಿರುವುದರಿಂದ ಮೋಲಾರ್ ರಾಶಿಯನ್ನು (ಒಂದು ಮೋಲ್‌ನ ತೂಕ) ನೀರಿಲ್ಲದ ತುತ್ತದ 159.6 ಎಂದಲ್ಲ, 249.7 ಗ್ರಾಂ ಎಂದು ಹಿಡಿಯಬೇಕು. ಶೇಕಡಾ 1 ಎಂದರೆ ಲೀಟರಿಗೆ 10 ಗ್ರಾಂ, ಭಾಗಿಸಿದರೆ 0.04 ಮೋಲಾರ್. ತಾಮ್ರವೊಂದನ್ನೇ ಎಣಿಸಿದರೆ ಲೀಟರಿಗೆ ಸುಮಾರು 2.5 ಗ್ರಾಂ. ಆದರೆ ಸುಣ್ಣ ಸೇರಿದೊಡನೆ ತಾಮ್ರದ ಬಹುಪಾಲು ನೀಲಿ ಲೋಳೆಯಂತಹ ಒತ್ತರವಾಗುವುದರಿಂದ (ಕರಗದೆ ಬೇರ್ಪಡುವುದರಿಂದ), ಈ ಅಂಕಿ ನಾವು ಹಾಕಿದ ತಾಮ್ರದ್ದೇ ಹೊರತು ಕರಗಿ ಉಳಿದ ತಾಮ್ರದ್ದಲ್ಲ.

ಉತ್ತರ – ಕೃಷಿಕ, ಸಿದ್ದಾಪುರ

ಅಕ್ಕನವರ ಲೆಕ್ಕಕ್ಕೆ ತೋಟದ ಕಡೆಯಿಂದ ಒಂದು ಮಾತು. ತುತ್ತವನ್ನು ಪಾತ್ರೆಯ ತಳಕ್ಕೆ ಸುರಿದರೆ ಬೆಳಗಾದರೂ ಹರಳು ಉಳಿದಿರುತ್ತದೆ, ಆಗ ನೀವು ಶೇಕಡಾ 10 ಎಂದುಕೊಂಡ ದ್ರಾವಣ ಅಷ್ಟಿರುವುದೇ ಇಲ್ಲ. ಬಟ್ಟೆಯಲ್ಲಿ ಗಂಟುಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಬಿಡಿ. ಕರಗಿದ ಭಾರದ ನೀರು ಕೆಳಗಿಳಿದು ಹೊಸ ನೀರು ಹರಳಿಗೆ ತಾಗುತ್ತಿರುತ್ತದೆ. ಪ್ಲಾಸ್ಟಿಕ್ ಪಾತ್ರೆಯೇ ಆಗಲಿ, ಕಬ್ಬಿಣದ್ದು ಬೇಡ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. 220 ಲೀಟರನ್ನು ಚೆಲ್ಲಬೇಕೇ?

ಉತ್ತರ – ಉಪನ್ಯಾಸಕಿ, ಕಾರವಾರ

ಚೆಲ್ಲಬೇಡಿ, ಆದರೆ ನಾಳೆಗೂ ಇಡಬೇಡಿ; ಬೋರ್ಡೋ ತಯಾರಾದ ದಿನವೇ ಬಳಸಬೇಕಾದದ್ದು. ಸಾಧ್ಯವಿದ್ದರೆ ಇಂದೇ ಹೊಡೆಸಿ. ಅದಕ್ಕೂ ಮೊದಲು ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನು ಕೆಲವು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ ಸುಣ್ಣ ಸಾಲದು, ಲೇಪ ಕೂರುವುದು ನಿಲ್ಲುವವರೆಗೂ ಸುಣ್ಣದ ತಿಳಿನೀರು ಸೇರಿಸಿ.