ಟ್ರ್ಯಾಕ್ ಎಂದರೆ ಪಟ್ಟಿಯೋ, ಎಳೆಯೋ? (ಸ್ಪೂಲ್ ಟೇಪ್ ರಿಪೇರಿಯ ಕೆಲವು ಪದಗಳು)

ಎಲ್ಲರಿಗೂ ನಮಸ್ಕಾರ.

ಹಳೆಯ ಸ್ಪೂಲ್ ಟೇಪ್ ರೆಕಾರ್ಡರುಗಳನ್ನು ಬಿಚ್ಚಿ ಸರಿಮಾಡುವುದು ನನ್ನ ಬಹುಕಾಲದ ಹವ್ಯಾಸ. ಈಚೆಗೆ ಇಬ್ಬರು ಹುಡುಗರು ಈ ಕೆಲಸ ಕಲಿಯಲು ಬರುತ್ತಿದ್ದಾರೆ. ಕನ್ನಡದಲ್ಲಿ ಓದಿ ಬೆಳೆದವರು, ಕೈ ಚುರುಕು, ಆದರೆ ಇಂಗ್ಲಿಷಿನ ಸರ್ವಿಸ್ ಪುಸ್ತಕ ತೆರೆದರೆ ತಡವರಿಸುತ್ತಾರೆ. ಅವರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯಲು ಕೂತೆ. ಹೆಡ್, ಮೋಟಾರು, ಬೆಲ್ಟು, ರೋಲರು ಇವೆಲ್ಲ ಹಾಗೆಯೇ ಇರಲಿ, ಯಾರ ಬಾಯಿಗೂ ಅವು ತೊಡಕಾಗಿಲ್ಲ. ನಾನು ಸಿಕ್ಕಿಕೊಂಡದ್ದು ಎಲ್ಲಕ್ಕಿಂತ ಸಲೀಸು ಅಂದುಕೊಂಡಿದ್ದ ಪದದಲ್ಲಿ: ಟ್ರ್ಯಾಕ್.

ಅದನ್ನೂ ಹಾಗೆಯೇ ಬರೆದುಕೊಳ್ಳಬಹುದಲ್ಲ ಎನ್ನಬಹುದು. ಪದ ಪರಭಾಷೆಯದು ಎಂಬುದು ನನ್ನ ತಕರಾರಲ್ಲ. ಒಂದೇ ಪದವನ್ನು ಎರಡು ಬೇರೆ ಸಂಗತಿಗಳಿಗೆ ಹಚ್ಚಿರುವುದರಿಂದ ಕಲಿಯುವವರು ದಾರಿ ತಪ್ಪುತ್ತಾರೆ. ನಾನೂ ತಪ್ಪಿದ್ದೆ. ಹಲವು ವರ್ಷಗಳ ಹಿಂದೆ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ಯಂತ್ರ ಕಂಡಿತು. ಮುಖದ ಮೇಲೆ ‘4 ಟ್ರ್ಯಾಕ್’ ಎಂದು ಅಚ್ಚಾಗಿತ್ತು. ಅಂಗಡಿಯವರೂ ಹಾಡುಗಾರಿಕೆ, ಪಿಟೀಲು, ಮೃದಂಗ, ತಂಬೂರಿ ನಾಲ್ಕನ್ನೂ ಬೇರೆಬೇರೆಯಾಗಿ ಹಿಡಿಯಬಹುದು ಎಂದರು. ನಂಬಿ ತಂದೆ. ಮನೆಯಲ್ಲಿ ತೆಗೆದು ನೋಡಿದರೆ, ಧ್ವನಿಯನ್ನು ಟೇಪಿಗೆ ಬರೆಯುವ ಹೆಡ್ಡಿನಲ್ಲಿ ಇದ್ದದ್ದು ಎರಡೇ ಸೀಳು, ಅಂದರೆ ಒಂದು ಸಲಕ್ಕೆ ಎರಡೇ ಧ್ವನಿ.

ಮುಖದ ಮೇಲಿನ ಬರಹ ಸುಳ್ಳಲ್ಲ. ಕಾಲಿಂಚಿನ ಟೇಪನ್ನು ಉದ್ದುದ್ದಕ್ಕೆ ನಾಲ್ಕು ಭಾಗ ಮಾಡಿಕೊಂಡು, 1 ಮತ್ತು 3ನೆಯದರಲ್ಲಿ ಎಡಬಲಗಳ ಸ್ಟೀರಿಯೊ ಬರೆದು, ಸ್ಪೂಲು ಮುಗಿದ ಮೇಲೆ ಮಗುಚಿ ಹಾಕಿ, ಉಳಿದ 2 ಮತ್ತು 4ನೆಯದರಲ್ಲಿ ಇನ್ನೊಂದು ಮಗ್ಗುಲನ್ನು ಬರೆಯುವ ಏರ್ಪಾಡು ಅದು. ಟೇಪಿನ ಮೇಲೆ ನಾಲ್ಕು ಇರುವುದು ನಿಜ, ಒಂದು ಸಲಕ್ಕೆ ಸಿಗುವುದು ಎರಡೇ. ಮನೆಬಳಕೆಯ ಯಂತ್ರಗಳಲ್ಲಿ ಹೆಚ್ಚಿನವು ಹೀಗೆ. ಟೀಯಾಕ್ ಕಂಪನಿಯ ಎ-3340ಎಸ್‌ನಂಥ ಯಂತ್ರವೂ ಅದೇ ಕಾಲಿಂಚಿನ ಟೇಪಿನಲ್ಲಿ ನಾಲ್ಕು ಬರೆಯುತ್ತದೆ. ಆದರೆ ನಾಲ್ಕೂ ಒಂದೇ ದಿಕ್ಕಿನಲ್ಲಿ, ಒಂದೇ ಸಲ, ಒಂದನ್ನೊಂದು ಮುಟ್ಟದೆ. ಎರಡಕ್ಕೂ ಹೆಸರು ‘ಫೋರ್ ಟ್ರ್ಯಾಕ್’. ಹುಡುಗರಿಗೆ ಈ ವ್ಯತ್ಯಾಸ ಹೇಳಲು ಹೋದರೆ ಪ್ರತಿ ಸಲವೂ ಅರ್ಧ ಗಂಟೆ ಬೇಕಾಗುತ್ತಿತ್ತು.

ಹಾಗಾಗಿ ನನಗೆ ಬೇಕಾಗಿರುವುದು ಎರಡು ಪದ. ಟೇಪಿನ ಅಗಲದಲ್ಲಿ ಹೆಡ್ಡು ಆಕ್ರಮಿಸುವ ಜಾಗಕ್ಕೆ ಒಂದು, ಅದರಲ್ಲಿ ಹರಿಯುವ ಬಿಡಿ ಧ್ವನಿಗೆ ಇನ್ನೊಂದು.

ಮೊದಲನೆಯದಕ್ಕೆ ‘ಪಟ್ಟಿ’ ಸಾಕು ಅನಿಸುತ್ತದೆ. ನಾಲ್ಕು ಭಾಗ ಮಾಡಿದಾಗ ಸುಮಾರು ಒಂದು ಮಿಲಿಮೀಟರ್ ಅಗಲದ ಗೆರೆಯದು, ಪಟ್ಟಿಯೇ. ಟೇಪಿನ ಅಗಲವನ್ನು ಇಡಿಯಾಗಿ, ಎರಡಾಗಿ, ನಾಲ್ಕಾಗಿ ಬಳಸುವ ಫುಲ್ ಟ್ರ್ಯಾಕ್, ಹಾಫ್ ಟ್ರ್ಯಾಕ್, ಕ್ವಾರ್ಟರ್ ಟ್ರ್ಯಾಕ್‌ಗಳು ಇಡಿಪಟ್ಟಿ, ಅರೆಪಟ್ಟಿ, ಕಾಲುಪಟ್ಟಿ ಆಗುತ್ತವೆ.

ಎರಡನೆಯದಕ್ಕೆ ಬಹಳ ಹುಡುಕಿದೆ. ‘ಪಥ’ ಎಂದರೆ ಚತುಷ್ಪಥ ರಸ್ತೆ ಕಣ್ಣಮುಂದೆ ಬರುತ್ತದೆ. ‘ಹಳಿ’ ರೈಲಿನದಾಗಿ ಹೋಯಿತು. ‘ಜಾಡು’ ಚೆಲುವಾದ ಮಾತು, ಹೆಡ್ಡು ಬಿಟ್ಟುಹೋದ ಗುರುತು ಎಂಬ ಅರ್ಥವೂ ಕೂಡಿಬರುತ್ತದೆ. ಆದರೆ ಜಾಡು ಎಂದರೆ ಹಿಡಿದು ಹೋಗಬೇಕಾದದ್ದು, ಒಂದರ ಪಕ್ಕ ಒಂದನ್ನು ಎಣಿಸುವಂಥದ್ದಲ್ಲ. ನಾಲ್ಕು ಜಾಡು, ಎಂಟು ಜಾಡು ಎಂದು ಹೇಳಿನೋಡಿ, ನಾಲಿಗೆ ಒಪ್ಪುವುದಿಲ್ಲ.

ಕೊನೆಗೆ ಸಿಕ್ಕಿದ್ದು ‘ಎಳೆ’, ಸಿಕ್ಕಿದ್ದು ಅಡುಗೆಮನೆಯಲ್ಲಿ. ಮೈಸೂರುಪಾಕಿಗೆ ಪಾಕ ಕಾಯಿಸುತ್ತಾ ಮನೆಯವರು ‘ಒಂದೆಳೆ ಬಂತು’ ಎಂದರು. ನಾನು ಅಲ್ಲೇ ನಿಂತೆ. ಒಂದೆಳೆ ಪಾಕ, ಎರಡೆಳೆ ಸರ, ಜನಿವಾರದ ಮೂರೆಳೆ: ಎಣಿಕೆಯ ಜೊತೆ ಇಷ್ಟು ಹಗುರವಾಗಿ ಕೂಡುವ ಇನ್ನೊಂದು ಮಾತು ನನಗೆ ಹೊಳೆಯಲಿಲ್ಲ. ನಾಲ್ಕೆಳೆ, ಎಂಟೆಳೆ, ಹದಿನಾರೆಳೆ. ಸ್ಟೂಡರ್ ಎ800ರಂಥ ದೊಡ್ಡ ಯಂತ್ರಗಳ ಎರಡಿಂಚಿನ ಟೇಪು ಇಪ್ಪತ್ತನಾಲ್ಕೆಳೆ. ಮಲ್ಟಿಟ್ರ್ಯಾಕ್ ಎಂಬುದಕ್ಕೆ ಹಲವೆಳೆ. ನಾನು ತಂದ ಯಂತ್ರವನ್ನು ಈಗ ‘ಕಾಲುಪಟ್ಟಿ, ಎರಡೆಳೆ’ ಎಂದು ಬರೆಯುತ್ತೇನೆ. ಟೀಯಾಕ್‌ನದು ‘ಕಾಲುಪಟ್ಟಿ, ನಾಲ್ಕೆಳೆ’. ಹುಡುಗರಿಗೆ ಮರುಮಾತಿಲ್ಲದೆ ತಿಳಿಯಿತು. ಕಾಲುಪಟ್ಟಿಯಲ್ಲಿ ಎರಡೂ ಮಗ್ಗುಲು ತುಂಬಿದ ಹಳೆ ಟೇಪನ್ನು ನಾಲ್ಕೆಳೆ ಯಂತ್ರಕ್ಕೆ ಹಾಕಿ, ನಾಲ್ಕನ್ನೂ ಒಂದೇ ಓಟದಲ್ಲಿ ಕಂಪ್ಯೂಟರಿಗೆ ತೆಗೆದುಕೊಂಡು, 2 ಮತ್ತು 4ನ್ನು ಆಮೇಲೆ ಹಿಂದುಮುಂದು ಮಾಡಿಕೊಳ್ಳಬಹುದು ಎಂಬುದನ್ನು ಅವರೇ ಊಹಿಸಿ ಹೇಳಿದರು. ಪದ ಸರಿಯಾದರೆ ಕೈಕೆಲಸವೂ ತೆರೆದುಕೊಳ್ಳುತ್ತದೆ ಎಂದು ಅಂದು ನನಗೆ ತುಂಬಾ ಸಂತೋಷವಾಯಿತು.

ಎಳೆಯ ಹಿಂದೆಯೇ ಅದರ ನೆಂಟರೂ ಬಂದರು. ಮೊದಲು ಬರೆದದ್ದನ್ನು ಕೇಳುತ್ತ ಹೊಸದನ್ನು ಬರೆಯುವ ಓವರ್‌ಡಬ್ ‘ಎಳೆ ಕೂಡಿಸು’ ಆಯಿತು. ಜಾಗ ಸಾಲದಾದಾಗ ಮೂರನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸುತ್ತಾರಲ್ಲ, ಅದಕ್ಕೆ ‘ಹುರಿ ಮಾಡು’. ಹುರಿ ಮಾಡಿ ಮೊದಲ ಮೂರನ್ನು ಅಳಿಸಿದ ಮೇಲೆ ಎಳೆ ಬಿಡಿಸಲಾಗದು, ಅದೂ ಪದದಲ್ಲೇ ಇದೆ.

ಕೂಡಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಯಂತ್ರದಲ್ಲಿ ಅಳಿಸುವ, ಬರೆಯುವ, ಓದುವ ಹೆಡ್ಡುಗಳು ಸಾಲಾಗಿರುತ್ತವೆ. ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿದ್ದು, ಬರೆಯುವ ಮತ್ತು ಓದುವ ಹೆಡ್ಡುಗಳ ನಡುವೆ 3.8 ಸೆಂಟಿಮೀಟರ್ ಇದೆ ಎಂದಿಟ್ಟುಕೊಳ್ಳಿ. ಓದುವ ಹೆಡ್ಡಿನಿಂದ ತಂಬೂರಿ ಕೇಳುತ್ತ ಹಾಡಿದರೆ, ಹಾಡು ಸೆಕೆಂಡಿನ ಹತ್ತನೇ ಒಂದು ಭಾಗ ಹಿಂದೆ ಬೀಳುತ್ತದೆ. ಮೃದಂಗವಾದರೆ ತಾಳವೇ ಕೆಟ್ಟಿತು. ಹಾಗಾಗಿ ಹಳೆಯ ಎಳೆಗಳನ್ನು ಬರೆಯುವ ಹೆಡ್ಡಿನಿಂದಲೇ ಓದಿಸುವ ಉಪಾಯ ಮಾಡಿದರು. 1957ರಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್‌ಗೆ ಆಂಪೆಕ್ಸ್ ಕಂಪನಿ ಒಂದಿಂಚಿನ ಟೇಪಿನ ಎಂಟೆಳೆ ಯಂತ್ರ ಕೊಟ್ಟಾಗ ಅದರಲ್ಲಿ ಇದೇ ಏರ್ಪಾಡಿತ್ತು. ಆಂಪೆಕ್ಸ್ ಇದನ್ನು ಸೆಲ್-ಸಿಂಕ್ ಎಂದಿತು, ಟೀಯಾಕ್ ಸೈಮಲ್-ಸಿಂಕ್, ಒಟಾರಿ ಸೆಲ್-ರೆಪ್. ಒಂದೇ ಕೆಲಸಕ್ಕೆ ಕಂಪನಿಗೊಂದು ಹೆಸರಿರುವಾಗ ನಮ್ಮದೊಂದು ಸಾಮಾನ್ಯ ಪದ ಇದ್ದರೆ ಒಳ್ಳೆಯದಲ್ಲವೇ? ‘ತಾಳಹೊಂದಿಕೆ’ ಎಂದು ಬರೆದಿದ್ದೇನೆ, ಪೂರ್ತಿ ಒಪ್ಪಿಗೆಯಾಗಿಲ್ಲ.

ಎಳೆಗೆ ಬರಬಹುದಾದ ಆಕ್ಷೇಪ ನನಗೂ ಗೊತ್ತು. ಬ್ಯಾಟರಿ ಇಳಿದಾಗ, ಬೆಲ್ಟು ಸಡಿಲವಾದಾಗ ನಾವೆಲ್ಲ ‘ಟೇಪು ಎಳೀತಿದೆ’ ಎನ್ನುತ್ತೇವೆ. ಎಳೆ ಎಳೆಯುತ್ತಿದೆ ಎಂದರೆ ಗೊಂದಲವಾಗದೇ? ಹಳೆಯ ಕಾಗುಣಿತದಲ್ಲಾದರೂ ಇವು ಬೇರೆಯೇ ಎಂದು ನೋಡಿದರೆ, ನೂಲಿನ ಎಳೆಗೂ ಜಗ್ಗುವ ಎಳೆಗೂ ಹಳಗನ್ನಡದಲ್ಲಿ, ಈಗ ಬಳಕೆ ತಪ್ಪಿದ, ೞಕಾರ. ತಮಿಳಿನ ಇೞೈ, ಇೞು ಪಕ್ಕದಲ್ಲಿಟ್ಟರೆ ಕಾಣುತ್ತದೆ. ಎಳೆ ಸೌತೆಯ ಎಳೆ ಮಾತ್ರ ಳಕಾರದ್ದು, ಬೇರೆ ಮನೆತನ. ಎರಡೂ ೞಕಾರವಾದದ್ದರಿಂದ ಹಳೆಯ ಕಾಗುಣಿತ ನಮ್ಮ ನೆರವಿಗೆ ಬಾರದು. ಆದರೂ ವಾಕ್ಯದಲ್ಲಿ ಹೆಸರು ಯಾವುದು, ಕ್ರಿಯೆ ಯಾವುದು ಎಂದು ತಿಳಿಯದೆ ಯಾರೂ ತಡೆದು ನಿಂತದ್ದನ್ನು ನಾನು ಕಂಡಿಲ್ಲ.

‘ಎಳೀತಿದೆ’ ಎಂಬ ಮಾತನ್ನಂತೂ ಬಿಟ್ಟುಕೊಡಬಾರದು. ಓಟ ಒಂದೇ ಸಮನೆ ನಿಧಾನವಾಗಿದ್ದರೆ ಅದು ಎಳೆತ. ನೂರಕ್ಕೆ ಸುಮಾರು ಆರು ನಿಧಾನವಾದರೆ ಶ್ರುತಿ ಅರ್ಧ ಸ್ವರ ಇಳಿದಿರುತ್ತದೆ. ಓಟ ಏರಿಳಿಯುತ್ತಿದ್ದರೆ ಬೇರೆ ರೋಗ. ನಿಧಾನದ ಏರಿಳಿತವನ್ನು ವಾವ್ ಎನ್ನುತ್ತಾರೆ, ಅದಕ್ಕೆ ‘ಓಲಾಟ’. ಚುರುಕಿನದು ಫ್ಲಟರ್, ಅದಕ್ಕೆ ‘ಅದುರು’. ಒತ್ತು ರೋಲರಿನ ರಬ್ಬರು ಒಂದು ಕಡೆ ಚಪ್ಪಟೆಯಾಗಿದ್ದರೆ ತಂಬೂರಿಯ ಷಡ್ಜ ಓಲಾಡುತ್ತದೆ, ಕಿವಿಯಿಂದಲೇ ಹಿಡಿಯಬಹುದು. ಟೇಪನ್ನು ಮುಂದೆ ಸಾಗಿಸುವ ಕ್ಯಾಪ್‌ಸ್ಟನ್ ದಂಡಕ್ಕೆ ರಾಟೆಯ ‘ಕದಿರು’ ಎಂಬ ಹೆಸರನ್ನು ಎರವಲು ತಂದಿದ್ದೇನೆ. ಎಳೆಯ ಜೊತೆ ಅದು ಚೆನ್ನಾಗಿ ಕೂರುತ್ತದೆ.

ಅಜಿಮತ್, ಅಂದರೆ ಹೆಡ್ಡಿನ ಸೀಳು ನಿಲ್ಲುವ ಕೋನಕ್ಕೆ, ಖಗೋಳದವರ ‘ದಿಗಂಶ’ ಸಿಗುತ್ತದೆ, ಇಲ್ಲಿಗೆ ಹೊಂದುವುದಿಲ್ಲ. ಹೆಡ್ಡಿನ ಸೀಳು ಟೇಪಿನ ಓಟಕ್ಕೆ ನೇರ ಅಡ್ಡವಾಗಿ ನಿಲ್ಲಬೇಕು. ಕೂದಲೆಳೆಯಷ್ಟು ವಾಲಿದರೂ ತಾಳದ ಝಣತ್ಕಾರ ಮಂಕಾಗುತ್ತದೆ. ಬಡಗಿಗಳ ‘ಮೂಲೆಮಟ್ಟ’ ಸರಿ ಎಂದು ನನ್ನ ಎಣಿಕೆ. ಬಯಾಸ್‌ಗೆ ನಿಘಂಟು ಕೊಡುವ ಪೂರ್ವಗ್ರಹ, ಪಕ್ಷಪಾತಗಳನ್ನು ದಯವಿಟ್ಟು ಯಾರೂ ಬಳಸಬೇಡಿ. ಕಿವಿಗೆ ನಿಲುಕದಷ್ಟು ಮೇಲಿನ ಆವರ್ತನದ ಕರೆಂಟನ್ನು ಧ್ವನಿಯ ಜೊತೆ ಬೆರೆಸಿ, ಟೇಪಿನ ಕಾಂತಕಣಗಳು ಧ್ವನಿಯನ್ನು ವಿಕಾರವಿಲ್ಲದೆ ಹಿಡಿಯುವಂತೆ ಮಾಡುವುದು ಅದು. ನಾನು ‘ಹದಗರೆಂಟು’ ಎನ್ನುತ್ತೇನೆ.

ಒಂದು ಪದದ ಬಗ್ಗೆ ಮಾತ್ರ ಎಚ್ಚರಿಕೆ ಹೇಳಲೇಬೇಕು: ಬೇಕಿಂಗ್. ಆಂಪೆಕ್ಸ್ 406, 456ರಂಥ ಟೇಪುಗಳಲ್ಲಿ ಕಣಗಳನ್ನು ಹಿಡಿದಿಟ್ಟ ಅಂಟು ವರ್ಷಗಟ್ಟಲೆ ಗಾಳಿಯ ತೇವ ಕುಡಿದು ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಕೀರಲಿಟ್ಟು, ಕಂದು ಪದರ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. 54 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಸ್ಥಿರ ಬಿಸಿಯಲ್ಲಿ ಎಂಟು ಗಂಟೆಯೋ ಇನ್ನೂ ಹೆಚ್ಚೋ ಇಟ್ಟರೆ ಕೆಲವು ವಾರದ ಮಟ್ಟಿಗೆ ಓಡಿಸಲು ಬರುತ್ತದೆ. ಇದನ್ನು ಕನ್ನಡದಲ್ಲಿ ‘ಬೇಯಿಸುವುದು’ ಎಂದರೆ ಯಾರಾದರೂ ಅಡುಗೆಯ ಒಲೆಗೆ ಇಟ್ಟಾರು. ‘ಬೆಚ್ಚಗೆ ಒಣಗಿಸು’ ಎಂದೇ ಬರೆಯೋಣ. ಇನ್ನೂ ಹಳೆಯ ಅಸಿಟೇಟ್ ಟೇಪುಗಳಿಗಂತೂ ಈ ಉಪಚಾರ ಕೂಡದು, ಹಾಳಾಗುತ್ತವೆ. ಸ್ಪೂಲನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿ. ಸುತ್ತಿನ ಮೂಲಕ ಬೆಳಕು ತೂರಿ ಬಂದರೆ ಅದು ಅಸಿಟೇಟ್.

ಇನ್ನು ನನ್ನ ಪ್ರಶ್ನೆಗಳು. ಆಕಾಶವಾಣಿಯ ಮೈಸೂರು, ಧಾರವಾಡ, ಬೆಂಗಳೂರು ಕೇಂದ್ರಗಳಲ್ಲಿ ಸ್ಪೂಲು ಕಾಲದಲ್ಲಿ ದುಡಿದವರು ಇಲ್ಲಿದ್ದರೆ, ಟ್ರ್ಯಾಕನ್ನು ಮಾತಿನಲ್ಲಿ ಏನೆನ್ನುತ್ತಿದ್ದಿರಿ? ಸಿನಿಮಾ ಹಾಡಿನವರ ‘ಟ್ರ್ಯಾಕ್ ಹಾಡಿದೆ’ ಎಂಬುದಕ್ಕೆ ಮಾದರಿ ಹಾಡು ಎಂಬ ಮೂರನೆಯ ಅರ್ಥವಿದೆ, ಅದನ್ನು ಎಳೆಗೆ ಅಂಟಿಸಬೇಕೆಂದು ನನಗನಿಸುವುದಿಲ್ಲ, ನೀವೇನೆನ್ನುತ್ತೀರಿ? ಇಳಕಲ್ಲು, ಗುಳೇದಗುಡ್ಡ, ದೊಡ್ಡಬಳ್ಳಾಪುರದ ಕಡೆ ಮಗ್ಗದ ಮನೆಯಲ್ಲಿ ಬೆಳೆದವರಲ್ಲಿ ಇನ್ನೊಂದು ಕೇಳಿಕೆ. ಟೇಪಿನ ಪದರ ಚುಕ್ಕಿಯಷ್ಟು ಉದುರಿಹೋದ ಕಡೆ ಒಂದು ಎಳೆಯ ಧ್ವನಿ ಮಾತ್ರ ಕ್ಷಣಹೊತ್ತು ಇಲ್ಲವಾಗಿ ಮತ್ತೆ ಬರುತ್ತದೆ, ಉಳಿದ ಎಳೆಗಳು ನಡೆದೇ ಇರುತ್ತವೆ. ಹಾಸಿನಲ್ಲಿ ಒಂದೇ ಎಳೆ ತುಂಡಾಗಿ ಬಟ್ಟೆಯಲ್ಲಿ ಸಣ್ಣ ಖಾಲಿ ಬಿದ್ದಾಗ ನಿಮ್ಮ ಮನೆಯ ಹಿರಿಯರು ಅದನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರು?